ನಿಜವಾದ ಕಾರಣ

ಉತ್ತರ ಕರ್ನಾಟಕದ ಒಂದು ಸಣ್ಣ ಊರಿನ ನಗರಸಭೆಯಲ್ಲಿ ನಾನು ಬಹಳ ವರ್ಷ ಜನನ-ಮರಣ ವಿಭಾಗದ ಗುಮಾಸ್ತೆಯಾಗಿದ್ದೆ. ಒಂದೇ ಟೇಬಲ್, ಎರಡು ರಿಜಿಸ್ಟರ್. ಎಡಕ್ಕೆ ಹುಟ್ಟು, ಬಲಕ್ಕೆ ಸಾವು. ಹುಟ್ಟು ಬರೆಸಲು ಬಂದವರು ಪೇಢೆ ಕೊಟ್ಟು ಹೋಗುತ್ತಿದ್ದರು. ಸಾವು ಬರೆಸಲು ಬರುವವರಿಗೆ ಹೆಚ್ಚಾಗಿ ಏನಾದರೂ ಕೆಲಸ ಇರುತ್ತಿತ್ತು. ಹೊಲದ ವಾರಸಾ ಮಾಡಿಸಬೇಕು, ಬ್ಯಾಂಕಿನ ದುಡ್ಡು ಬಿಡಿಸಬೇಕು, ಪಿಂಚಣಿ ಹೆಂಡತಿ ಹೆಸರಿಗೆ ಆಗಬೇಕು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಎಳೆ ಕೂಸು ಸತ್ತರೆ ಬರೆಸಲು ಬರುವವರು ತೀರಾ ಕಡಿಮೆ. ಕೂಸಿಗೆ ಹೊಲ ಇಲ್ಲ, ಖಾತೆ ಇಲ್ಲ, ವಿಮೆ ಇಲ್ಲ. ಮಣ್ಣು ಮಾಡಿ ಮನೆಗೆ ಹೋದರೆ ಮುಗಿಯಿತು.

ಅದಕ್ಕೇ ಆ ಹುಡುಗ ನನಗೆ ಇವತ್ತಿಗೂ ನೆನಪಿದ್ದಾನೆ. ಇಪ್ಪತ್ತೈದರ ಆಸುಪಾಸು. ಗೌಂಡಿ ಕೆಲಸದವನು, ಉಗುರಿನ ಸಂದಿಯಲ್ಲಿ ಸಿಮೆಂಟು ಒಣಗಿತ್ತು. ಹತ್ತು ತಿಂಗಳ ಮಗಳು ತೀರಿಕೊಂಡಿದ್ದಳು. ಫಾರ್ಮ್ ಕೊಟ್ಟೆ. ಓದು ಬಲ್ಲವನು, ಒಂದೊಂದೇ ಸಾಲು ಬೆರಳಿಟ್ಟು ಓದಿ ತುಂಬಿದ. ಕೊನೆಯ ಭಾಗದಲ್ಲಿ ರೋಗದ ಹೆಸರು ಅಥವಾ ಸಾವಿನ ನಿಜವಾದ ಕಾರಣ ಏನು ಎಂದು ಕೇಳುವ ಒಂದು ಸಾಲು ಇರುತ್ತದೆ. ಅಲ್ಲಿಗೆ ಬಂದು ನಿಂತ.

"ಅಕ್ಕಾರ, ಇಲ್ಲೆ ಏನ ಬರೀಬೇಕ್ರಿ?"

"ಡಾಕ್ಟರು ಏನ ಹೇಳ್ಯಾರ?"

"ವಾಂತಿಭೇದಿ ಅಂದಾರ್ರಿ."

"ಹಂಗಾರ ಅದನ್ನ ಬರಿಯಪಾ."

ಅವನು ಬರೆಯಲಿಲ್ಲ. ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿದ. "ಅದು ರೋಗದ ಹೆಸರಾತ್ರಿ. ನಿಜವಾದ ಕಾರಣ ಅಂತನೂ ಕೇಳ್ಯಾರಲ್ರಿ. ನಮ್ಮ ಓಣಿ ನಳದಾಗ ಗಟಾರದ ನೀರು ಬರಾಕತ್ತಾವ್ರಿ. ಅದನ್ನ ಬರೀಲೇನ್ರಿ?"

ಹಾಗೆ ಬರೆಯಲು ಬರುವುದಿಲ್ಲ, ರೋಗದ ಹೆಸರಷ್ಟೇ ಬರೆಯಬೇಕು ಎಂದೆ. ಅವನು ಬರೆದು, ಸಹಿ ಮಾಡಿ, ಎದ್ದು ನಿಂತ. ಯಾಕೆ ಬಂದೆ ಎಂದು ನಾನು ಕೇಳಿರಲಿಲ್ಲ. ತಾನಾಗಿಯೇ ಹೇಳಿದ. "ಅಕಿ ಹೆಸರು ಎಲ್ಲೆರ ಒಂದ ಕಡೆ ಇರ್ಲಿ ಅಂತ ಬಂದಿದ್ದೆ, ಅಕ್ಕಾರ."

ಜನವರಿಯಲ್ಲಿ ವರ್ಷದ ಲೆಕ್ಕ ತೆಗೆಯುವಾಗ ರಿಜಿಸ್ಟರ್ ತಿರುವಿದೆ. ಅದೇ ಓಣಿಯಿಂದ ಇನ್ನೂ ಎರಡು ಕೂಸುಗಳ ಸಾವು ಬರೆದಿದ್ದೆ. ಆರು ವಾರದೊಳಗೆ ಮೂರು. ಮೂರೂ ನನ್ನ ಕೈಬರಹ. ಮೂರಕ್ಕೂ ವಿಳಾಸ ಇತ್ತು, ತಾರೀಖು ಇತ್ತು, ರೋಗದ ಹೆಸರಿತ್ತು. ಪ್ರತಿ ಸಾವನ್ನೂ ನಾನು ಅಡ್ಡಲಾಗಿ ಓದಿ ಬರೆದಿದ್ದೆ. ಕಾಲಂ ಹಿಡಿದು ಮೇಲಿಂದ ಕೆಳಕ್ಕೆ ಒಮ್ಮೆಯೂ ಓದಿರಲಿಲ್ಲ. ಆ ದಿನವೇ ನೀರಿನ ವಿಭಾಗಕ್ಕೆ ಒಂದು ಟಿಪ್ಪಣಿ ಬರೆದು ಕೈಯಾರೆ ಕೊಟ್ಟು ಬಂದೆ. ಅಗೆದು ನೋಡಿದಾಗ ಕುಡಿಯುವ ನೀರಿನ ಪೈಪು ಗಟಾರದೊಳಗೇ ಹಾದು ಹೋಗಿತ್ತು. ಜೋಡಿಸಿದ ಕಡೆ ಸೋರುತ್ತಿತ್ತು. ನಮ್ಮೂರಲ್ಲಿ ನೀರು ಎಂಟು ದಿನಕ್ಕೊಮ್ಮೆ. ಏಳು ದಿನ ಪೈಪು ಖಾಲಿ ಇರುತ್ತದೆ, ಸುತ್ತಲಿನ ಹೊಲಸು ಅದರೊಳಗೆ ಇಳಿಯುತ್ತದೆ. ಎಂಟನೇ ದಿನ ನೀರು ಬಿಟ್ಟಾಗ ಮೊದಲ ಕೊಡದಲ್ಲೇ ಅದು ಮನೆಗೆ ಬರುತ್ತದೆ.

ಇದಾಗಿ ಬಹಳ ವರ್ಷವಾಯಿತು. ಆದರೂ ಆ ಹುಡುಗನ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅದನ್ನು ಹಿಡಿದುಕೊಂಡೇ ನಾನು ಇನ್ನೊಂದು ಊರಿನ ಸಾವಿನ ಲೆಕ್ಕದೊಳಗೆ ಹೋದೆ. ಆ ಊರು ಇಂಗ್ಲೆಂಡಿನ ಲಿವರ್‌ಪೂಲ್.

ಮ್ಯೂಸಿಯಮ್ಮಿನ ಓಣಿ

ನಿವೃತ್ತಿಯಾದ ಮೇಲೆ ಮಗಳ ಬಾಣಂತನಕ್ಕೆ ಅಲ್ಲಿಗೆ ಹೋಗಿದ್ದೆ. ಮನೆಗೇ ನರ್ಸ್ ಬಂದು ಕೂಸನ್ನು ತೂಗಿ, ಒಂದು ಕೆಂಪು ಪುಸ್ತಕದಲ್ಲಿ ಬರೆದು ಹೋಗುತ್ತಿದ್ದರು. ಬಡವರ ಮನೆಗೇ ನರ್ಸ್ ಹೋಗಿ ನೋಡಿಕೊಳ್ಳುವ ಪದ್ಧತಿ ಬೆಳೆದದ್ದು ಇದೇ ಊರಿನಲ್ಲಿ, 1859ರಿಂದ, ವಿಲಿಯಂ ರಾತ್‌ಬೋನ್ ಎಂಬ ವ್ಯಾಪಾರಿಯ ಪ್ರಯತ್ನದಿಂದ. ಇದು ನನಗೆ ಗೊತ್ತಾದದ್ದು ಆಮೇಲೆ. ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ ಒಂದು ಭಾನುವಾರ ಮಗಳು ನದಿ ದಂಡೆಯ ಲಿವರ್‌ಪೂಲ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು. ಅಲ್ಲಿ ಹಳೆ ಕಾಲದ ಒಂದು 'ಕೋರ್ಟ್' ಅನ್ನು ನಿಜ ಅಳತೆಯಲ್ಲಿ ಮತ್ತೆ ಕಟ್ಟಿ ಇಟ್ಟಿದ್ದಾರೆ. ಕೋರ್ಟ್ ಎಂದರೆ ನ್ಯಾಯಾಲಯ ಅಲ್ಲ. ಬೀದಿಯಿಂದ ಒಂದು ಇಕ್ಕಟ್ಟಾದ ಸಂದಿ. ಒಳಗೆ ಹೋದರೆ ಎದುರುಬದುರು ಮನೆಗಳ ಎರಡು ಸಾಲು. ಒಂದರ ಬೆನ್ನಿಗೆ ಇನ್ನೊಂದು ಮನೆ ಅಂಟಿಕೊಂಡಿರುವುದರಿಂದ ಹಿತ್ತಲು ಇಲ್ಲ, ಹಿಂದಿನ ಕಿಟಕಿ ಇಲ್ಲ. ಎಲ್ಲ ಮನೆಗೂ ಸೇರಿ ಒಂದು ನಳ. ಅದರ ಹತ್ತಿರವೇ ಎಲ್ಲರೂ ಬಳಸುವ ಪಾಯಖಾನೆ, ಬೂದಿಗುಂಡಿ. ಮನೆಯ ಕೆಳಗೆ ನೆಲಮಾಳಿಗೆ ಇದ್ದರೆ ಅದಕ್ಕೂ ಬಾಡಿಗೆ.

ನಾನು ಆ ಸಂದಿಯೊಳಗೆ ನಿಂತಿದ್ದೆ. ಮಗಳು ಕೂಸನ್ನು ಎದೆಗೆ ಕಟ್ಟಿಕೊಂಡು ಹಿಂದೆ ನಿಂತಿದ್ದಳು. ವಾಸನೆ ಏನೂ ಇಲ್ಲ, ಮ್ಯೂಸಿಯಂ ಅಲ್ವಾ, ಎಲ್ಲ ಸ್ವಚ್ಛ. ಆದರೆ ನಳ ಮತ್ತು ಪಾಯಖಾನೆಯ ನಡುವಿನ ದೂರವನ್ನು ಕಣ್ಣಲ್ಲೇ ಅಳೆದೆ. ನನಗೆ ಗೊತ್ತಿರುವ ಓಣಿಯೇ ಅನ್ನಿಸಿತು. 1847ಕ್ಕೆ ಮುಂಚೆ ಇಲ್ಲಿ ನೀರು ಕೊಡುತ್ತಿದ್ದದ್ದು ಖಾಸಗಿ ಕಂಪನಿಗಳು. ಬಡವರ ಓಣಿಗಳಿಗೆ ಅದೂ ದಿನ ಬಿಟ್ಟು ದಿನ, ಕೆಲವೇ ಗಂಟೆ. ಸರದಿಯಲ್ಲಿ ನಿಂತು ಹಿಡಿದ ನೀರನ್ನೇ ಕುಡಿಯಬೇಕು, ಅದರಲ್ಲೇ ಅಡುಗೆ ಮಾಡಬೇಕು, ಅದರಲ್ಲೇ ಕೂಸಿನ ಬಟ್ಟೆ ಒಗೆಯಬೇಕು.

ಆಗಿನ ಲಿವರ್‌ಪೂಲ್ ಬಡ ಊರಲ್ಲ, ಇದನ್ನು ನೆನಪಿಡಬೇಕು. ಜಗತ್ತಿನ ಹತ್ತಿ ಅಲ್ಲಿಗೇ ಬಂದು ಇಳಿಯುತ್ತಿತ್ತು. ನಮ್ಮ ಕಡೆಯ ಹತ್ತಿಯೂ ಹೋಗಿತ್ತು. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಹತ್ತಿ ಸಿಗದಿದ್ದಾಗ, ಧಾರವಾಡ ಸೀಮೆಯ ಎರೆಹೊಲದ ಹತ್ತಿ ಗಾಡಿಯಲ್ಲಿ ಘಟ್ಟ ಇಳಿದು ಹಡಗು ಹತ್ತುತ್ತಿತ್ತು. ಕುಮಟಾ ಬಂದರಿನಿಂದ ಹೋಗುತ್ತಿದ್ದರಿಂದ ಲಿವರ್‌ಪೂಲ್ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ನನ್ನ ಮುತ್ತಜ್ಜ ಬೆಳೆದದ್ದೂ ಅದರಲ್ಲಿ ಇದ್ದಿರಬಹುದು. ಆ ಅರಳೆಗಳನ್ನು ಹಡಗಿನಿಂದ ಇಳಿಸಿದ ಕೂಲಿಗಳು ಸಂಜೆ ಹೋಗಿ ಮಲಗುತ್ತಿದ್ದದ್ದು ಇಂಥ ಓಣಿಗಳಲ್ಲೇ.

ಹದಿನೈದು ಎಂಬ ಅಂಕಿ

ಲಿವರ್‌ಪೂಲಿನ ಬಗ್ಗೆ ಓದಲು ಹೊರಟವರಿಗೆ ಮೊದಲು ಎದುರಾಗುವ ಅಂಕಿ 15. ಎಡ್ವಿನ್ ಚಾಡ್‌ವಿಕ್ ಎಂಬ ಸರ್ಕಾರಿ ಅಧಿಕಾರಿ ದುಡಿಯುವ ಜನರ ಆರೋಗ್ಯದ ಬಗ್ಗೆ 1842ರಲ್ಲಿ ಕೊಟ್ಟ ಪ್ರಸಿದ್ಧ ವರದಿಯಲ್ಲಿ ಅದು ಇದೆ. ಸತ್ತವರ ಸರಾಸರಿ ವಯಸ್ಸು ಲಿವರ್‌ಪೂಲಿನ ಸಿರಿವಂತರಲ್ಲಿ 35, ಅಂಗಡಿ ಇಟ್ಟವರಲ್ಲಿ 22, ಕೂಲಿ ಮಾಡುವವರಲ್ಲಿ 15. ಅದೇ ಇಂಗ್ಲೆಂಡಿನ ರಟ್ಲೆಂಡ್ ಎಂಬ ಹಳ್ಳಿಗಾಡಿನಲ್ಲಿ ಕೂಲಿಯವರದ್ದೇ 38. ಅಂದರೆ ಹಳ್ಳಿಯ ಕೂಲಿ ಪಟ್ಟಣದ ಸಾಹುಕಾರನಿಗಿಂತ ಜಾಸ್ತಿ ಬದುಕುತ್ತಿದ್ದ ಅನ್ನಿಸುತ್ತದೆ.

ಈ 15 ನೋಡಿ ನನಗೆ ಎರಡು ದಿನ ಸಮಾಧಾನವಿರಲಿಲ್ಲ. ಆಮೇಲೆ ಗುಮಾಸ್ತೆಯ ಬುದ್ಧಿ ಎಚ್ಚರವಾಯಿತು. ಹದಿನೈದು ವರ್ಷಕ್ಕೆ ಎಲ್ಲರೂ ಸತ್ತರೆ ಹಡಗಿನಿಂದ ಅರಳೆ ಇಳಿಸಿದವರು ಯಾರು? ಒಂದು ಓಣಿಯಲ್ಲಿ ಹತ್ತು ಸಾವು ಎಂದುಕೊಳ್ಳಿ. ಐದು ಕೂಸುಗಳು ಒಂದು ವರ್ಷಕ್ಕೆ ಹೋದವು, ಐದು ಜನ ಅರವತ್ತಕ್ಕೆ ಹೋದರು. ಸರಾಸರಿ ಮೂವತ್ತು ಚಿಲ್ಲರೆ ಬರುತ್ತದೆ. ಆದರೆ ಮೂವತ್ತಕ್ಕೆ ಒಬ್ಬರೂ ಸತ್ತಿಲ್ಲ. 15 ಎಂದರೆ ಹದಿನೈದರ ಹುಡುಗರು ಸಾಯುತ್ತಿದ್ದರು ಎಂದಲ್ಲ. ಸಾಯುವವರಲ್ಲಿ ಅರ್ಧದಷ್ಟು ಐದು ವರ್ಷ ತುಂಬದ ಮಕ್ಕಳು ಎಂದು. ಇನ್ನೊಂದು ತೊಡಕೂ ಇದೆ. ಹೆಚ್ಚು ಮಕ್ಕಳು ಹುಟ್ಟುವ ಊರಿನಲ್ಲಿ, ಹರೆಯದ ಗಂಡ ಹೆಂಡಿರು ದುಡಿಯಲು ಬಂದು ತುಂಬಿದ ಊರಿನಲ್ಲಿ, ಈ ಸರಾಸರಿ ತಾನಾಗಿಯೇ ಕೆಳಗೆ ಇಳಿಯುತ್ತದೆ. ಆ ಕಾಲದಲ್ಲೇ ವಿಮೆಯ ಲೆಕ್ಕ ಬಲ್ಲವರು ಇದಕ್ಕೆ ತಕರಾರು ತೆಗೆದಿದ್ದರು. ಸರಿಯಾಗಿ ಲೆಕ್ಕ ಹಾಕಿದವನು ಸರ್ಕಾರದ ಹುಟ್ಟು-ಸಾವಿನ ಕಚೇರಿಯ ವಿಲಿಯಂ ಫಾರ್. ಬದುಕಿರುವವರನ್ನೂ ಸತ್ತವರನ್ನೂ ಒಟ್ಟಿಗೆ ಇಟ್ಟು, ವಯಸ್ಸು ವಯಸ್ಸಿಗೆ ಬೇರೆ ಲೆಕ್ಕ ತೆಗೆದ. ಅವನ ಪ್ರಕಾರ ಹುಟ್ಟಿದ ಕೂಸು ಬದುಕಬಹುದಾದ ಸರಾಸರಿ ವರ್ಷ ಸರ್ರೆ ಎಂಬ ಹಳ್ಳಿಸೀಮೆಯಲ್ಲಿ 45, ಲಂಡನ್ನಿನಲ್ಲಿ 37, ಲಿವರ್‌ಪೂಲಿನಲ್ಲಿ 26.

26 ಎಂದರೂ ಎದೆ ಹಿಂಡುತ್ತದೆ. ಒಂದೇ ದೇಶ, ಒಂದೇ ರಾಣಿ, ಒಂದೇ ವರ್ಷ. ಎಲ್ಲಿ ಹುಟ್ಟಿದೆ ಎಂಬುದರ ಮೇಲೆ 19 ವರ್ಷದ ಅಂತರ.

ಹಸಿವು ರೋಗವೇ?

ಈ ಫಾರ್ ಬಗ್ಗೆ ನನಗೆ ತುಂಬಾ ಅಭಿಮಾನ. ಬಡ ಕೃಷಿ ಕೂಲಿಯ ಮಗ. ಇಂಗ್ಲೆಂಡಿನಲ್ಲಿ ಸರ್ಕಾರವೇ ಹುಟ್ಟು ಸಾವು ಬರೆಯಲು ಶುರು ಮಾಡಿದ್ದು 1837ರ ಜುಲೈ 1ರಂದು. ಅದರ ಕೇಂದ್ರ ಕಚೇರಿಯಲ್ಲಿ ಇವನು ಸುಮಾರು ನಲವತ್ತು ವರ್ಷ ಕೆಲಸ ಮಾಡಿದ. ಊರೂರಿನ ಗುಮಾಸ್ತರು ಬರೆದು ಕಳಿಸಿದ್ದನ್ನು ಕಾಲಂ ಹಿಡಿದು ಕೆಳಕ್ಕೆ ಓದಿದವನು ಇವನೇ. ಜನ ಏನು ಬರೆದು ಕಳಿಸುತ್ತಿದ್ದರು ನೋಡಿ. ಜ್ವರ. ಸೆಳವು. ಹಲ್ಲು ಬರುವಾಗ ಸತ್ತಿತು. ನಿಶ್ಶಕ್ತಿ. ನನ್ನ ಟೇಬಲ್ಲಿಗೆ ಬರುತ್ತಿದ್ದದ್ದೂ ಇದೇ. "ಏನೂ ಆಗಿರಲಿಲ್ರಿ, ಹಂಗ ಹೋದ್ರು" ಎಂದು ಎಷ್ಟು ಜನ ಹೇಳಿಲ್ಲ! ಫಾರ್ ಇವನ್ನೆಲ್ಲ ಒಂದು ಕ್ರಮಕ್ಕೆ ತಂದ. ಆದರೂ ಹೇನಿನಿಂದ ಹರಡುವ ಟೈಫಸ್ಸನ್ನೂ ಕೊಳೆತ ನೀರಿನಿಂದ ಬರುವ ಟೈಫಾಯ್ಡನ್ನೂ ಅವರ ಸರ್ಕಾರಿ ಲೆಕ್ಕದಲ್ಲಿ ಬೇರೆ ಬೇರೆ ಬರೆಯಲು ಶುರು ಮಾಡಿದ್ದು 1869ರಲ್ಲಿ. ಅಲ್ಲಿಯವರೆಗೆ ಎರಡೂ ಒಂದೇ ಗಂಟಿನಲ್ಲಿ.

ನನ್ನ ಹುಡುಗನ ಪ್ರಶ್ನೆಗೆ ಹತ್ತಿರ ಬರುವ ಜಗಳ ನಡೆದದ್ದು 1839ರಲ್ಲಿ. ಮೊದಲ ವರದಿಯಲ್ಲೇ ಫಾರ್ 63 ಸಾವುಗಳ ಮುಂದೆ ಹಸಿವು ಎಂದು ಕಾರಣ ತೋರಿಸಿದ. ಚಾಡ್‌ವಿಕ್ ಕೆರಳಿದ. ಅವನು ಬಡವರ ಪರಿಹಾರದ ಹೊಸ ಕಾನೂನು ನಡೆಸುವ ಆಯೋಗದ ಕಾರ್ಯದರ್ಶಿ. ಆ ಕಾನೂನು 1834ರದ್ದು. ದುಡಿಯಬಲ್ಲ ಬಡವರಿಗೆ ಮನೆಯಲ್ಲಿ ಕೊಡುವ ನೆರವು ನಿಲ್ಲಿಸಿ, ಬೇಕಿದ್ದರೆ ದುಡಿಮೆಮನೆಗೆ, ಅಂದರೆ ಬಡವರನ್ನು ಒಳಗಿಟ್ಟು ದುಡಿಸಿ ಊಟ ಹಾಕುವ ಸರ್ಕಾರಿ ಮನೆಗೆ, ಬಂದು ಸೇರಿ ಎನ್ನುವ ಕಾನೂನು. ಅಂಥ ದೇಶದಲ್ಲಿ ಹಸಿವಿನಿಂದ 63 ಜನ ಸತ್ತರು ಎಂದರೆ ಅವನ ಕಾನೂನೇ ಸೋತಂತೆ. ಇವೆಲ್ಲ ಹಸಿವಿನ ಸಾವಲ್ಲ, ಬೇರೆ ಕಾರಣ ಇದ್ದವು ಎಂದು ಅವನ ವಾದ. ಹಸಿವು ಬರೀ ಅನ್ನವಿಲ್ಲದೆ ಕೊಲ್ಲುವುದು ಅಪರೂಪ, ಅರೆಹೊಟ್ಟೆಯವರನ್ನು ಅದು ರೋಗದ ಕೈಗೆ ಒಪ್ಪಿಸುತ್ತದೆ, ಆಗ ಪುಸ್ತಕದಲ್ಲಿ ರೋಗದ ಹೆಸರೇ ಉಳಿಯುತ್ತದೆ ಎಂದು ಫಾರ್‌ನ ವಾದ.

ಇಬ್ಬರೂ ಕೆಟ್ಟವರಲ್ಲ. ಚರಂಡಿ, ನೀರು, ಕಸ ಇವುಗಳ ಬಗ್ಗೆ ಚಾಡ್‌ವಿಕ್‌ನಷ್ಟು ಬಡಿದಾಡಿದವರು ಆ ದೇಶದಲ್ಲಿ ಕಡಿಮೆ. ಆದರೆ ಹೊಲಸನ್ನು ಕಾರಣ ಎಂದು ಒಪ್ಪಲು ಅವನಿಗೆ ಸುಲಭವಾಗಿತ್ತು. ಹೊಲಸಿಗೆ ಪೈಪು ಹಾಕಿದರೆ ಮುಗಿಯುತ್ತದೆ. ಕೂಲಿ, ಹಸಿವು, ಬಾಡಿಗೆ ಎಂದು ಹೊರಟರೆ ಎಲ್ಲಿ ನಿಲ್ಲಬೇಕು? ಇವತ್ತಿನ ವೈದ್ಯರ ಪ್ರಮಾಣಪತ್ರದಲ್ಲೂ ಒಂದರ ಕೆಳಗೊಂದು ಸಾಲು ಇರುತ್ತವೆ. ಕೊನೆಗೆ ಜೀವ ಹೋದದ್ದು ಯಾವುದರಿಂದ, ಅದು ಯಾವುದರಿಂದ ಬಂತು, ಅದಕ್ಕೆ ಮೂಲ ಯಾವುದು. ಮೂರು ಮೆಟ್ಟಿಲು ಇಳಿಯುತ್ತದೆ. ಮೂರೂ ಮೆಟ್ಟಿಲು ದೇಹದೊಳಗೇ. ಹೊಸ್ತಿಲು ದಾಟಿ ಓಣಿಗೆ ಬರುವುದಿಲ್ಲ. ಅದನ್ನು ತುಂಬುವ ವೈದ್ಯರ ತಪ್ಪು ಇದಲ್ಲ. ಅವರು ನೋಡಿದ್ದು ದೇಹವನ್ನು. ಓಣಿಯನ್ನು ನೋಡಬೇಕಾದವರು ವಿಳಾಸದ ಕಾಲಂ ಕೈಯಲ್ಲಿರುವ ನನ್ನಂಥವರು.

1847

1846ರಲ್ಲಿ ಲಿವರ್‌ಪೂಲ್ ತನಗೇ ಒಂದು ಆರೋಗ್ಯದ ಕಾನೂನು ಮಾಡಿಸಿಕೊಂಡಿತು. ಅದರಂತೆ ಮೂವರು ಅಧಿಕಾರಿಗಳು ಬಂದರು. ಆರೋಗ್ಯಾಧಿಕಾರಿ ಡಾ. ವಿಲಿಯಂ ಹೆನ್ರಿ ಡಂಕನ್, ಎಂಜಿನಿಯರ್ ಜೇಮ್ಸ್ ನ್ಯೂಲ್ಯಾಂಡ್ಸ್, ಕಸ-ಹೊಲಸಿನ ತನಿಖೆಗೆ ಥಾಮಸ್ ಫ್ರೆಶ್. ಇಡೀ ಬ್ರಿಟನ್ನಿನಲ್ಲಿ ಒಂದು ಊರಿಗೆ ಆರೋಗ್ಯಾಧಿಕಾರಿ ಎಂದು ನೇಮಕವಾದದ್ದು ಡಂಕನ್ನೇ ಮೊದಲು. ಕೆಲಸಕ್ಕೆ ಸೇರಿದ್ದು 1847ರ ಜನವರಿಯಲ್ಲಿ.

ಸೇರಿದ ತಿಂಗಳಿನಿಂದಲೇ ಐರ್ಲೆಂಡಿನ ಬರಗಾಲ ಸಮುದ್ರ ದಾಟಿ ಬಂತು. ಆಲೂಗಡ್ಡೆ ಕೊಳೆತು ಉಣ್ಣಲು ಗತಿಯಿಲ್ಲದವರು ಹಡಗಿನ ಡೆಕ್ಕಿನ ಮೇಲೆ ದನಗಳ ಜೊತೆ ನಿಂತು ಬಂದರು. ಆ ಒಂದು ವರ್ಷದಲ್ಲಿ ಲಿವರ್‌ಪೂಲಿಗೆ ಬಂದಿಳಿದವರು ಸುಮಾರು 3 ಲಕ್ಷ. ಊರಿನ ಜನಸಂಖ್ಯೆಯೇ ಹೆಚ್ಚುಕಡಿಮೆ ಅಷ್ಟಿತ್ತು. ಬಹಳಷ್ಟು ಜನ ಮುಂದೆ ಅಮೆರಿಕಕ್ಕೋ ಬೇರೆ ಊರಿಗೋ ಹೋದರು. ಟಿಕೆಟ್ಟಿಗೆ ದುಡ್ಡಿಲ್ಲದವರು ನೆಲಮಾಳಿಗೆಗಳಿಗೆ ಇಳಿದರು. ಮುಚ್ಚಿಸಿದ್ದ ನೆಲಮಾಳಿಗೆಗಳನ್ನೂ ಒಡೆದು ಸೇರಿಕೊಂಡರು. ಟೈಫಸ್ ಹಬ್ಬಿತು. ಶೆಡ್ಡುಗಳನ್ನು ಆಸ್ಪತ್ರೆ ಮಾಡಿದರು. ಮರ್ಸಿ ನದಿಯಲ್ಲಿ ಹಡಗುಗಳನ್ನು ನಿಲ್ಲಿಸಿ ಅವನ್ನೂ ಆಸ್ಪತ್ರೆ ಮಾಡಿದರು. ಸಾಯುವವರ ಬಳಿ ಕೂತು ಪ್ರಾರ್ಥನೆ ಹೇಳಲು ಹೋದ 10 ಕ್ಯಾಥೊಲಿಕ್ ಪಾದ್ರಿಗಳು ಅದೇ ಜ್ವರದಿಂದ ಹೋದರು. ಬಡವರ ನಡುವೆ ಕೆಲಸ ಮಾಡುತ್ತಿದ್ದ ಜಾನ್ ಜಾನ್ಸ್ ಎಂಬ, ಯುನಿಟೇರಿಯನ್ ಎನ್ನುವ ಬೇರೆ ಪಂಥದ ಪಾದ್ರಿಯೂ ಹೋದ. ಸೇಂಟ್ ಪ್ಯಾಟ್ರಿಕ್ ಚರ್ಚಿನ ಮುಂದೆ ಆ ಹತ್ತು ಜನರ ನೆನಪಿಗೆ ಒಂದು ದೊಡ್ಡ ಕಲ್ಲಿನ ಶಿಲುಬೆ ಇದೆ. ಮಳೆ ಹನಿಯುತ್ತಿದ್ದ ಒಂದು ಮಧ್ಯಾಹ್ನ ನಾನು ಅಲ್ಲಿ ನಿಂತು ಬಂದೆ.

ಎರಡು ವರ್ಷ ಬಿಟ್ಟು 1849ರಲ್ಲಿ ಕಾಲರಾ. 5,000ಕ್ಕೂ ಹೆಚ್ಚು ಸಾವು. ಕಾಲರಾ ಹರಡುವುದು ನೀರಿನಿಂದ ಎಂದು ಲಂಡನ್ನಿನಲ್ಲಿ ಜಾನ್ ಸ್ನೋ ಎಂಬ ವೈದ್ಯ ಬೀದಿ ಪಂಪಿನ ಹಿಡಿಕೆ ತೆಗೆಸಿದ ಕಥೆ ಬಹಳ ಜನರಿಗೆ ಗೊತ್ತಿದೆ, ಮತ್ತೆ ಹೇಳುವುದಿಲ್ಲ. ಕಾಲರಾ ಎಂದರೆ ಎಲ್ಲರಿಗೂ ಭಯ, ಬೆಳಿಗ್ಗೆ ಚೆನ್ನಾಗಿದ್ದವರು ರಾತ್ರಿ ಇರುವುದಿಲ್ಲ. ಆದರೆ ವರ್ಷ ವರ್ಷವೂ ಸದ್ದಿಲ್ಲದೆ ಜಾಸ್ತಿ ಜನರನ್ನು ಒಯ್ದದ್ದು ಕ್ಷಯ, ಮಕ್ಕಳ ಭೇದಿ, ದಡಾರ, ನಾಯಿಕೆಮ್ಮು, ಚಳಿಗಾಲದ ಎದೆರೋಗ. ಕಾಲರಾ ಬಂದಾಗ ನಗರಸಭೆಯ ಸಾಹೇಬರು ಓಣಿಗೆ ಬಂದರು. ಭೇದಿಗೆ ಯಾರೂ ಬರಲಿಲ್ಲ. ಅದು ಸಿರಿವಂತರ ಮನೆ ಬಾಗಿಲು ತಟ್ಟುವುದು ಕಡಿಮೆ, ಬಹುಶಃ ಅದಕ್ಕೇ.

ಡಂಕನ್ ಮಾಡಿದ ಕೆಲಸದಲ್ಲಿ ನನಗೆ ನೋವು ತರುವ ಒಂದು ಭಾಗ ಇದೆ. ಸಾವಿರಾರು ಜನರನ್ನು ನೆಲಮಾಳಿಗೆಗಳಿಂದ ಎಬ್ಬಿಸಿದರು. ಅಲ್ಲಿ ಯಾರೂ ಇರಬಾರದು, ಸರಿ. ಆದರೆ ಎದ್ದವರಿಗೆ ಬೇರೆ ಮನೆ ಕೊಡಲಿಲ್ಲ. ಅವರು ಪಕ್ಕದ ಕೋರ್ಟುಗಳಿಗೆ ಹೋಗಿ ಮೊದಲೇ ತುಂಬಿದ ಕೋಣೆಗಳಲ್ಲಿ ತುರುಕಿಕೊಂಡರು. ನಗರಸಭೆಯೇ ಬಾಡಿಗೆ ಮನೆ ಕಟ್ಟಿಸಿದ್ದು 1869ರಲ್ಲಿ, ಸೇಂಟ್ ಮಾರ್ಟಿನ್ಸ್ ಕಾಟೇಜಸ್ ಎಂಬಲ್ಲಿ. ಇಂಗ್ಲೆಂಡಿನಲ್ಲಿ ಅಂಥ ಮನೆ ಅವೇ ಮೊದಲು. ಎಬ್ಬಿಸುವುದಕ್ಕೂ ಕಟ್ಟುವುದಕ್ಕೂ ನಡುವೆ ಇಪ್ಪತ್ತು ವರ್ಷ.

ಕಿಟ್ಟಿಯ ಹಂಡೆ

ಇಷ್ಟೆಲ್ಲದರ ನಡುವೆ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಒಂದು ಹಂಡೆಯ ಮುಂದೆ. ಕಿಟ್ಟಿ ವಿಲ್ಕಿನ್ಸನ್ ಐರ್ಲೆಂಡಿನಲ್ಲಿ ಹುಟ್ಟಿ ಬಾಲ್ಯದಲ್ಲೇ ಲಿವರ್‌ಪೂಲಿಗೆ ಬಂದವಳು. ಬಟ್ಟೆ ಒಗೆದು ಬದುಕು ಸಾಗಿಸಿದವಳು. 1832ರಲ್ಲಿ ಕಾಲರಾ ಮೊದಲ ಸಲ ಬಂದಾಗ ಆಕೆಯ ಓಣಿಯಲ್ಲಿ ನೀರು ಕಾಯಿಸುವ ದೊಡ್ಡ ಹಂಡೆ ಇದ್ದದ್ದು ಆಕೆಯ ಮನೆಯಲ್ಲಿ. ರೋಗಿಗಳ ಹಾಸಿಗೆ ಬಟ್ಟೆಗಳನ್ನು ತಂದು ಇಲ್ಲಿ ಕುದಿಸಿ ಎಂದು ನೆರೆಹೊರೆಯವರನ್ನು ಕರೆದಳು. ವಾರಕ್ಕೆ ಒಂದು ಪೆನ್ನಿ ಕೊಡಬೇಕು, ಅಷ್ಟೇ. ಬಟ್ಟೆಗೆ ಸುಣ್ಣದ ಕ್ಲೋರೈಡ್, ಅಂದರೆ ಬ್ಲೀಚಿಂಗ್ ಪುಡಿ ಹಾಕುತ್ತಿದ್ದಳು. ಅಂಥ ಹೊಲಸು ಬಟ್ಟೆ ಮುಟ್ಟಲು ಬೇರೆಯವರು ಹೆದರುತ್ತಿದ್ದ ಕಾಲ ಅದು. ರೋಗಾಣು ಎಂಬುದೊಂದು ಇದೆ ಎಂದು ಆಕೆಗೆ ಗೊತ್ತಿರಲಿಲ್ಲ, ಊರಿನ ವೈದ್ಯರಿಗೂ ಗೊತ್ತಿರಲಿಲ್ಲ. ಡಂಕನ್ ಕೂಡ ಕೆಟ್ಟ ಗಾಳಿಯೇ ರೋಗ ತರುತ್ತದೆ ಎಂದು ನಂಬಿದ್ದವನು. ಕಾಲರಾದ ರೋಗಾಣುವನ್ನು ರಾಬರ್ಟ್ ಕಾಖ್ ಎಂಬ ಜರ್ಮನ್ ವೈದ್ಯ ಗುರುತಿಸಿದ್ದು 1880ರ ದಶಕದಲ್ಲಿ. ಟೈಫಸ್ ಹರಡುವುದು ಹೇನಿನಿಂದ ಎಂದು ತಿಳಿದದ್ದು 1909ರಲ್ಲಿ. ಆದರೆ ಕುದಿಯುವ ನೀರು ಎರಡನ್ನೂ ಕೊಲ್ಲುತ್ತದೆ.

ಹಂಡೆ ಎಂದರೆ ನನಗೆ ಆಯಿಯ, ಅಂದರೆ ಅಪ್ಪನ ತಾಯಿಯ ಬಚ್ಚಲಮನೆ. ತಾಮ್ರದ ಹಂಡೆ, ಕೆಳಗೆ ಹತ್ತಿಕಟ್ಟಿಗೆಯ ಉರಿ. ಮೈಲಿಗೆ, ಸೂತಕ, ಬಾಣಂತಿ ಬಟ್ಟೆ ಎಲ್ಲದಕ್ಕೂ ಆಕೆಯ ಉತ್ತರ ಒಂದೇ, "ಕುದಿಯೂ ನೀರಾಗ ಹಾಕು." ಕಿಟ್ಟಿಯೂ ಆಯಿಯೂ ಭೇಟಿಯಾಗಿದ್ದರೆ ಭಾಷೆ ಇಲ್ಲದೆಯೇ ಕೆಲಸ ನಡೆದು ಹೋಗುತ್ತಿತ್ತು ಅನ್ನಿಸುತ್ತದೆ. 1842ರಲ್ಲಿ ಲಿವರ್‌ಪೂಲ್ ನಗರಸಭೆ ಫ್ರೆಡೆರಿಕ್ ಬೀದಿಯಲ್ಲಿ ಬಡವರಿಗಾಗಿ ಬಟ್ಟೆ ಒಗೆಯುವ, ಸ್ನಾನ ಮಾಡುವ ಮನೆಯನ್ನು ತೆರೆಯಿತು. ಮುಂದೆ ಅದನ್ನು ನೋಡಿಕೊಳ್ಳಲು ಕಿಟ್ಟಿ ಮತ್ತು ಗಂಡ ಟಾಮ್ ಇಬ್ಬರನ್ನೂ ನೇಮಿಸಿದರು. ಸೇಂಟ್ ಜಾರ್ಜ್ ಹಾಲಿನಲ್ಲಿ ದೊಡ್ಡ ದೊಡ್ಡ ಗಂಡಸರ ಅಮೃತಶಿಲೆ ಮೂರ್ತಿಗಳ ಸಾಲಿನಲ್ಲಿ 2012ರಿಂದ ಆಕೆಯ ಮೂರ್ತಿಯೂ ಇದೆ. ಅಲ್ಲಿ ನಿಂತ ಮೊದಲ ಹೆಣ್ಣು. ತುಂಬು ಸೆರಗು ಹೊದ್ದಂತೆ ಶಾಲು.

ಕೂಸುಗಳ ಸರದಿ ಕೊನೆಗೆ

ಹಾಗಾದರೆ ಸಾವು ಕಡಿಮೆಯಾದದ್ದು ಹೇಗೆ? 1870ರ ದಶಕದಿಂದ ಇಂಗ್ಲೆಂಡಿನಲ್ಲಿ ಸಾವಿನ ಪ್ರಮಾಣ ಇಳಿಯತೊಡಗಿತು. ಟೈಫಸ್, ಟೈಫಾಯ್ಡ್, ಕೆಂಜ್ವರ, ಕ್ಷಯ ಒಂದೊಂದಾಗಿ ಹಿಂದೆ ಸರಿದವು. ಆಗ ಸಿಡುಬಿನ ಲಸಿಕೆ ಬಿಟ್ಟರೆ ವೈದ್ಯರ ಕೈಯಲ್ಲಿ ಹೇಳಿಕೊಳ್ಳುವಂಥ ಮದ್ದು ಇರಲಿಲ್ಲ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ಅಷ್ಟು ಹೊತ್ತಿಗೆ ಅಲ್ಲಿ ಕ್ಷಯದ ಸಾವು ಬಹುಪಾಲು ಇಳಿದಿತ್ತು. ಹೊಟ್ಟೆ ತುಂಬ ಊಟ ಸಿಕ್ಕಿದ್ದರಿಂದ ಎಂದು ಕೆಲವು ವಿದ್ವಾಂಸರು, ಚರಂಡಿ ನೀರು ಮನೆ ಸರಿಯಾದದ್ದರಿಂದ ಎಂದು ಇನ್ನು ಕೆಲವರು. ಹತ್ತಾರು ವರ್ಷ ವಾದ ನಡೆದಿದೆ. ಓಣಿಯ ಮಟ್ಟದಲ್ಲಿ ನಿಂತು ನೋಡಿದರೆ ಇದರಲ್ಲಿ ಒಂದನ್ನೇ ಆರಿಸಲು ನನಗೆ ಆಗುವುದಿಲ್ಲ. ಭೇದಿಯಾದ ಕೂಸಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಉಣ್ಣದ ಕೂಸಿಗೆ ಭೇದಿ ಬೇಗ ಹಿಡಿಯುತ್ತದೆ. ಎರಡೂ ಒಂದೇ ಮನೆಯಲ್ಲಿ ಇರುತ್ತವೆ.

ಲಿವರ್‌ಪೂಲಿಗೆ ನೀರು ತರಲು ಪಟ್ಟ ಪಾಡು ದೊಡ್ಡದು. ನ್ಯೂಲ್ಯಾಂಡ್ಸ್ 1848ರಿಂದ ಊರಿಡೀ ಒಳಚರಂಡಿ ಹಾಕಿಸಿದ. 1857ರಲ್ಲಿ ರಿವಿಂಗ್ಟನ್ ಕೆರೆಗಳ ನೀರು ಬಂತು. ಅದೂ ಸಾಲದೆ ವೇಲ್ಸ್ ದೇಶದ ವರ್ನ್ವಿ ಕಣಿವೆಗೆ ಅಣೆಕಟ್ಟು ಕಟ್ಟಿದರು. 1892ರಲ್ಲಿ ಅದರ ನೀರು ಹರಿಯಿತು. ಲಾನ್‌ವದಿನ್ ಎಂಬ ಹಳ್ಳಿ ಅದರಲ್ಲಿ ಮುಳುಗಿತು. ಗುಡಿ, ಮನೆ ಎಲ್ಲ. ಬಾಗಲಕೋಟೆ ಕಡೆಯವರಿಗೆ ಮುಳುಗಡೆ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಾದರೂ ಒಂದು ವರ್ಷದೊಳಗಿನ ಕೂಸುಗಳ ಸಾವು ಇಳಿಯಲಿಲ್ಲ. ಇದು ನನಗೆ ತೀರಾ ಅನಿರೀಕ್ಷಿತವಾಗಿತ್ತು. ದೊಡ್ಡವರ ಸಾವು ಕಡಿಮೆಯಾಗಿ ಮೂವತ್ತು ವರ್ಷ ಕಳೆದರೂ, ಇಡೀ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು 150 ಮೊದಲ ಹುಟ್ಟುಹಬ್ಬ ನೋಡುತ್ತಿರಲಿಲ್ಲ. ಲಿವರ್‌ಪೂಲಿನಂಥ ಊರುಗಳಲ್ಲಿ ಇನ್ನೂ ಹೆಚ್ಚು. 1890ರ ದಶಕದ ಬಿರು ಬೇಸಿಗೆಗಳಲ್ಲಿ ಅದು ಏರಿತು ಕೂಡ. ಕುದುರೆ ಲದ್ದಿ ತುಂಬಿದ ಬೀದಿ, ನೊಣ, ಹಳ್ಳಿಯಿಂದ ಬರುವಷ್ಟರಲ್ಲಿ ಕೆಟ್ಟ ಹಾಲು. ಆ ಹಾಲು ಕುಡಿಸಲು ಉದ್ದ ರಬ್ಬರ್ ನಳಿಕೆಯ ಬಾಟಲಿ. ಆ ನಳಿಕೆಯ ಒಳಗನ್ನು ತೊಳೆಯಲು ಬರುತ್ತಲೇ ಇರಲಿಲ್ಲ. ಕೆಲಸಕ್ಕೆ ಹೋಗುವ ತಾಯಿ ಕೂಸಿನ ಬಾಯಿಗೆ ಅದನ್ನು ಇಟ್ಟು ಹೋಗುತ್ತಿದ್ದಳು. ಪ್ರೀತಿಯಿಂದಲೇ ಇಟ್ಟು ಹೋಗುತ್ತಿದ್ದಳು. 1899ರಲ್ಲಿ ಪಕ್ಕದ ಸೇಂಟ್ ಹೆಲೆನ್ಸ್ ಊರು, 1901ರಲ್ಲಿ ಲಿವರ್‌ಪೂಲ್, ಕಾಯಿಸಿದ ಹಾಲನ್ನು ಶುದ್ಧ ಬಾಟಲಿಗಳಲ್ಲಿ ಕೊಡುವ ಡಿಪೊ ತೆರೆದವು. ಮನೆ ಮನೆಗೆ ಹೋಗಿ ತಾಯಂದಿರ ಜೊತೆ ಮಾತಾಡುವವರು ಹೆಚ್ಚಿದರು. ಹೆರಿಗೆಗಳೂ ಕಡಿಮೆಯಾದವು. 1910ರ ಹೊತ್ತಿಗೆ ದೇಶದಲ್ಲಿ ಸಾವಿರಕ್ಕೆ 105ಕ್ಕೆ ಇಳಿಯಿತು.

ಆಯಿ ಹನ್ನೊಂದು ಹೆತ್ತಿದ್ದಳು. ಉಳಿದದ್ದು ಆರು. ಎಷ್ಟು ಮಕ್ಕಳು ಎಂದು ಯಾರು ಕೇಳಿದರೂ ಹನ್ನೊಂದು ಎಂದೇ ಹೇಳುತ್ತಿದ್ದಳು. ಮಗ್ಗುಲಲ್ಲಿ ಕೂತ ಅಪ್ಪ, "ಆರು ಅನ್ನು ಅವ್ವಾ, ಇದ್ದದ್ದನ್ನ ಕೇಳತಾರ" ಎಂದರೆ ಕೇಳದವಳಂತೆ ಮತ್ತೆ ಹನ್ನೊಂದು ಎನ್ನುತ್ತಿದ್ದಳು. ಆ ಐದು ಯಾವ ರಿಜಿಸ್ಟರಿನಲ್ಲೂ ಇಲ್ಲ. ಆಕೆಯ ಬಾಯಲ್ಲಿ ಮಾತ್ರ ಇದ್ದವು.

ಆ ಗೌಂಡಿ ಹುಡುಗ ಎರಡು ವರ್ಷ ಬಿಟ್ಟು ಮತ್ತೆ ಬಂದ. ಈ ಸಲ ಎಡಗಡೆಯ ರಿಜಿಸ್ಟರಿಗೆ. ಪೇಢೆಯ ಪುಟ್ಟ ಡಬ್ಬಿ ತಂದಿದ್ದ. ಅದೇ ಓಣಿ, ಅದೇ ಮನೆ ನಂಬರ್. ನಳ ಸರಿ ಆಯಿತೇನು ಎಂದು ಕೇಳಿದೆ. "ಹೊಸಾ ಪೈಪ ಹಾಕ್ಯಾರ್ರಿ. ನಾವಂತೂ ಈಗ ಕಾಸಿನ ಕುಡಿಯೂದ್ರಿ" ಎಂದ. ಹುಟ್ಟಿನ ಫಾರ್ಮಿನಲ್ಲಿ ಈ ಕೂಸೂ ಸೇರಿ ತಾಯಿಗೆ ಇಲ್ಲಿಯವರೆಗೆ ಜೀವಂತ ಹುಟ್ಟಿದ ಮಕ್ಕಳು ಎಷ್ಟು ಎಂದು ಕೇಳುತ್ತಾರೆ. ಅಲ್ಲಿಗೆ ಬಂದು ಅವನು ಮತ್ತೆ ನಿಂತ.

"ಅಕ್ಕಾರ, ಹೋದಾಕಿನ್ನೂ ಎಣಿಸಬೇಕೇನ್ರಿ?"

"ಹೌದಪಾ. ಎಣಿಸಬೇಕು."

ಅವನು 2 ಎಂದು ಬರೆದ.